ಏನಂದ ಅಂವ? – ನಾವು ಟೀವಿ ನೋಡಿದ ಬಗೆ

ವಿಜಯಪುರದ ಒಂದು ಓದುಗರ ಬಳಗದ ರವಿವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಚಿಕ್ಕಂದಿನ ಟೀವಿ ಕಾರ್ಯಕ್ರಮಗಳ ಬಗ್ಗೆ ಮಾತಾಡಿ ಎಂದು ನೀವು ಕರೆದಾಗ ನಾನೊಂದು ಷರತ್ತು ಹಾಕಿದ್ದೆ. ಕೊನೆಗೆ ಹನ್ನೊಂದು ನಿಮಿಷ ಒಂದು ಹಳೆಯ ಕ್ಯಾಸೆಟ್ ಕೇಳಿಸುತ್ತೇನೆ, ಆಗ ಫ್ಯಾನ್ ಬಂದ್ ಮಾಡಬೇಕು ಅಂತ. ಬೇಸಿಗೆಯಲ್ಲಿ ನಮ್ಮೂರಲ್ಲಿ ಫ್ಯಾನ್ ಬಂದ್ ಮಾಡಿ ಅನ್ನುವುದು ಸಣ್ಣ ಮಾತಲ್ಲ. ನೀವು ಒಪ್ಪಿಕೊಂಡಿರಿ. ನಿಮಗೆ ಮೊದಲೇ ಋಣಿ ನಾನು.

ಇನ್ನೊಂದು ಮಾತು. ಆ್ಯಂಟೆನಾ ತಿರುಗಿಸಿದ ಕಥೆ, ಮಾಳಿಗೆ ಮೇಲೆ ನಿಂತು "ಬಂತೇನು?" ಅಂತ ಕೂಗಿದ ಕಥೆ, ಟೀವಿ ಇದ್ದವರ ಮನೆ ಕಿಟಕಿಗೆ ಜೋತುಬಿದ್ದ ಕಥೆ, ಇವೆಲ್ಲ ನಿಮ್ಮ ಹತ್ತಿರವೂ ಇವೆ. ನನಗಿಂತ ಚೆನ್ನಾಗಿ ಹೇಳುತ್ತೀರಿ. ಅವನ್ನು ಬಿಡುತ್ತೇನೆ. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ಮನೆಗೆ ಬಂದ ಟೀವಿ ನಮ್ಮ ಭಾಷೆ ಮಾತಾಡುತ್ತಿರಲಿಲ್ಲ. ಆದರೂ ಅದರ ಮುಂದೆ ಕೂತು ನಾವು ಅತ್ತೆವು, ಸಿಟ್ಟಾದೆವು, ವಾರವಿಡೀ ಅದನ್ನೇ ಮಾತಾಡಿದೆವು. ಅರ್ಥವಾಗದ ಮಾತಿಗೆ ಅತ್ತದ್ದು ಹೇಗೆ? ಅದನ್ನು ಹೇಳುತ್ತೇನೆ.

ಶುರು ಮಾಡಬೇಕಾದದ್ದು 1975ರಿಂದ.

ಟೀವಿ ಮೊದಲು ಬೆಂಗಳೂರಿಗೆ ಬಂತು, ಆಮೇಲೆ ನಮ್ಮ ಕಡೆ ಬಂತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ನಮ್ಮ ಜಿಲ್ಲೆಯ ಹಳ್ಳಿಗಳು ಅದಕ್ಕಿಂತ ಆರು ವರ್ಷ ಮೊದಲೇ ಟೀವಿ ನೋಡಿದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಅನ್ನುವ ಪ್ರಯೋಗ ನಡೆಯಿತು. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟೀವಿ ತಲುಪಿಸುವ ಪ್ರಯೋಗ. ವಿಕ್ರಮ್ ಸಾರಾಭಾಯಿ ಅವರು ಕಂಡ ಕನಸು ಅದು. ನನಸಾಗುವ ಹೊತ್ತಿಗೆ ಅವರೇ ಇರಲಿಲ್ಲ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತು. ನೆಲದ ಮೇಲಿನ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಹೋಯಿತು. ಕರ್ನಾಟಕದಲ್ಲಿ ಆರಿಸಿದ್ದು ಮೂರೇ ಜಿಲ್ಲೆ. ಗುಲಬರ್ಗಾ, ರಾಯಚೂರು, ಮತ್ತು ನಮ್ಮ ಬಿಜಾಪುರ. ಆಗ ಬಾಗಲಕೋಟೆಯೂ ನಮ್ಮ ಜೊತೆಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ನನ್ನ ಸೋದರಮಾವ ಆಗ ಮೂರನೇ ಇಯತ್ತೆ. ಅವನ ಹಳ್ಳಿಯ ಸಾಲಿಗೆ ಒಂದು ಟೀವಿ ಬಂತು. ಅದರ ಜೊತೆ ಮೂರು ಮೀಟರ್ ಅಗಲದ, ಬುಟ್ಟಿಯಂಥ ಒಂದು ಆ್ಯಂಟೆನಾ. ಕೋಳಿ ಹೊರಗೆ ಹೋಗದ ಹಾಗೆ ಕಟ್ಟುತ್ತಾರಲ್ಲ, ಅಂಥ ತಂತಿ ಜಾಲರಿಯಿಂದ ಮಾಡಿದ್ದು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಹಾಡು, ನಾಟಕ. ಮುಖ್ಯ ಮಾತು ಏನೆಂದರೆ, ಅದು ಕನ್ನಡ ಮಾತಾಡುತ್ತಿತ್ತು. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲ ಆ ಉಪಗ್ರಹದಲ್ಲಿತ್ತು. ಆಕಾಶದಿಂದ ಬಂದ ಮೊದಲ ಟೀವಿ ನಮ್ಮ ಹಳ್ಳಿಯ ಮಕ್ಕಳ ಜೊತೆ ಅವರ ಮಾತಿನಲ್ಲೇ ಮಾತಾಡಿತು. ಐವತ್ತು ವರ್ಷದ ಹಿಂದೆ!

ಒಂದು ವರ್ಷ ಮುಗಿಯಿತು. ನಾಸಾ ಉಪಗ್ರಹವನ್ನು ವಾಪಸು ಸರಿಸಿಕೊಂಡಿತು. ಮಾವ ಈಗಲೂ ಹೇಳುತ್ತಾನೆ: "ಮರುದಿನ ಹೋಗಿ ಹಂಗ ಕುಂತೀವಿ. ಮಾಸ್ತರು ಬಟನ್ ಒತ್ತಿದ್ರು. ಬರೇ ಸೊಂಯ್ ಅಂತ ಸಪ್ಪಳ. ಒಂದು ವಾರ ದಿನಾ ಹೋಗಿ ಕುಂತೀವಿ." 1977ರಲ್ಲಿ ಗುಲಬರ್ಗಾದಲ್ಲಿ ಒಂದು ಟ್ರಾನ್ಸ್‌ಮಿಟರ್ ಬಂತು. ಅದರ ಅಲೆ ಮಾವನ ಹಳ್ಳಿಗೆ ಮುಟ್ಟಲಿಲ್ಲ. ರಾಜ್ಯದ ಉಳಿದ ಜನ ಇನ್ನೂ ಟೀವಿಯ ಮುಖ ನೋಡುವ ಮೊದಲೇ ನಮ್ಮ ಹುಡುಗರು ಟೀವಿ ಕಳೆದುಕೊಂಡು ಕೂತಿದ್ದರು. ಹಳೆಯ ಟೀವಿಯ ಹಂಬಲದಲ್ಲಿ ಕರ್ನಾಟಕದಲ್ಲಿ ಮೊದಲಿಗರು ಯಾರು ಅಂತ ಕೇಳಿದರೆ ನಾನು ನನ್ನ ಮಾವನ ಕಡೆ ಕೈ ತೋರಿಸುತ್ತೇನೆ.

ಟೀವಿ ಮತ್ತೆ ಬಂದದ್ದು ಎಂಬತ್ತರ ದಶಕದ ನಡುವೆ. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿತು. ಅದರ ಬೆನ್ನಿಗೇ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್ ಹಾಕುತ್ತ ಹೋದರು. ನೂರು ವ್ಯಾಟ್‌ನವು. ಊರಿನಿಂದ ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಚಿತ್ರದ ಮೇಲೆ ಅಕ್ಕಿ ಸುರಿದಂತೆ ಕಾಣುತ್ತಿತ್ತು. ಈ ಸಣ್ಣ ಟ್ರಾನ್ಸ್‌ಮಿಟರ್‌ಗಳ ಕೆಲಸ ಒಂದೇ. ಉಪಗ್ರಹದಿಂದ ದಿಲ್ಲಿಯ ಕಾರ್ಯಕ್ರಮ ಹಿಡಿದು ಊರಿಗೆ ಹಂಚುವುದು. ಬೆಂಗಳೂರಿನ ಕನ್ನಡ ಕಾರ್ಯಕ್ರಮ ನಮಗೆ ಸಿಗಲು ಇನ್ನೂ ವರ್ಷಗಳೇ ಹಿಡಿದವು. ಹೀಗಾಗಿ 1975ರಲ್ಲಿ ಕನ್ನಡ ಮಾತಾಡಿದ್ದ ಟೀವಿ, ಹತ್ತು ವರ್ಷ ಬಿಟ್ಟು ವಾಪಸು ಬರುವಾಗ ಹಿಂದಿ ಕಲಿತು ಬಂತು.

ಈಗ ನಮ್ಮ ಮನೆಗೆ ಬರೋಣ.

ನಮ್ಮ ಮನೆಗೆ ಟೀವಿ ಬಂದದ್ದು 1987ರಲ್ಲಿ. ಆ ವರ್ಷದ ಜನವರಿ 25ರಂದು ರಮಾನಂದ ಸಾಗರ್ ಅವರ ರಾಮಾಯಣ ಶುರುವಾಗಿತ್ತು. ಆರು ತಿಂಗಳು ಪರರ ಮನೆ ಪಡಸಾಲೆಯಲ್ಲಿ ಕೂತು ನೋಡಿದ ಮೇಲೆ ಕಾಕಾ ಒಂದು ಕಪ್ಪು ಬಿಳುಪು ಟೀವಿ ತಂದ. ಕಟ್ಟಿಗೆಯ ಬಾಗಿಲು, ಎರಡೂ ಕಡೆ ಸರಿಸುವಂಥದ್ದು. ಮನೆಯಲ್ಲಿ ಆಯಿ (ಅಂದರೆ ಅಜ್ಜಿ), ಅಪ್ಪ, ಅವ್ವ, ಕಾಕಾ, ನಾವು ಮೂವರು ಮಕ್ಕಳು. ಕಾಕಾನಿಗೆ ಸಾಲಿಯಲ್ಲಿ ಕಲಿತ ಹಿಂದಿ ಅಷ್ಟಿಷ್ಟು. ಉಳಿದವರಿಗೆ ಅದೂ ಇಲ್ಲ.

ಮನೆಯ ಮುಂದಿನ ಖೋಲಿಯಲ್ಲಿ ಒಂದು ಟೇಲರ್ ಅಂಗಡಿ ಇತ್ತು. ನಡೆಸುತ್ತಿದ್ದವರು ನಮಗೆಲ್ಲ ಚಾಚಾ. ಹೆಸರು ಬೇಡ, ಅವರಿಗೆ ಹೆಸರು ಹೇಳಿಸಿಕೊಳ್ಳುವುದು ಸೇರುವುದಿಲ್ಲ. ಮನೆಯಲ್ಲಿ ಅವರ ಮಾತು ದಖನಿ, ಅಂದರೆ ನಮ್ಮ ಕಡೆಯ ಉರ್ದು. ಇದೇ ಊರಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ಸರಸ್ವತಿಯನ್ನು ನೆನೆದು ಕಿತಾಬ್-ಎ-ನವರಸ್ ಬರೆದದ್ದೂ ದಖನಿಯಲ್ಲೇ. ನಮ್ಮ ಜೊತೆ ಚಾಚಾ ಮಾತಾಡುವುದು ಪಕ್ಕಾ ಬಿಜಾಪುರದ ಕನ್ನಡ. ಹಿಂದಿ ಗೊತ್ತಿರುವವರು ಅಂತ ರವಿವಾರ ಬೆಳಿಗ್ಗೆ ಅವರನ್ನು ಒಳಗೆ ಕರೆಯುವುದು ರೂಢಿಯಾಯಿತು. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇರುತ್ತಿತ್ತು. ಅವ್ವ ಚಹಾ ಕೊಡುವಳು. ಆಯಿ ಗೋಡೆಗೆ ಒರಗಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

ರಾಮಾಯಣ ಹೇಗೋ ನಡೆಯಿತು. ಕಥೆ ಎಲ್ಲರಿಗೂ ಗೊತ್ತಿತ್ತು, ಮಾತು ತಿಳಿಯದಿದ್ದರೂ ಅಡ್ಡಿ ಆಗಲಿಲ್ಲ. ತೊಡಕು ಶುರುವಾದದ್ದು ಮಹಾಭಾರತದಿಂದ. 1988ರ ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ ಮಹಾಭಾರತ ಶುರುವಾಯಿತು. 94 ಕಂತು, 1990ರ ಜೂನ್‌ವರೆಗೆ. ಅದರಲ್ಲಿ ಮಾತೇ ಮಾತು. ಬಾಣಕ್ಕಿಂತ ಜಾಸ್ತಿ ಮಾತು. ಮೊದಲ ರವಿವಾರ ಚಕ್ರ ತಿರುಗಿ, ಹರೀಶ್ ಭಿಮಾನಿ ಅವರ ದನಿ "ಮೈಂ ಸಮಯ್ ಹೂಂ" ಅಂದಿತು. ಆಯಿ ತಲೆದೂಗಿದಳು. ಸಮಯ ಅಂದರೆ ಅವಳಿಗೆ ಗೊತ್ತು. ಅದರ ಮುಂದಿನ ಮಾತಿಗೆ ಅವಳ ಪ್ರಶ್ನೆ ಬಂತು. ಮುಂದಿನ ಎರಡು ವರ್ಷ ನಮ್ಮ ಪಡಸಾಲೆಯಲ್ಲಿ ಪ್ರತಿ ರವಿವಾರ ಕೇಳಿದ ಪ್ರಶ್ನೆ ಅದು.

"ಏನಂದ ಅಂವ?"

ಎಲ್ಲರೂ ಚಾಚಾ ಕಡೆ ನೋಡಿದರು. ಚಾಚಾ ಸುಮ್ಮನಿದ್ದರು. ಅವರಿಗೂ ತಿಳಿದಿರಲಿಲ್ಲ!

ಯಾಕೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಚಾಚಾಗೆ ತಿಳಿದ ಹಿಂದಿ ಸಿನಿಮಾದ ಹಿಂದಿ, ಬಜಾರದ ಹಿಂದಿ. ಅದು ಉರ್ದುವಿಗೆ ಹತ್ತಿರ. ಈ ಧಾರಾವಾಹಿಯ ಹಿಂದಿ ಸಂಸ್ಕೃತ ತುಂಬಿದ್ದು. ಆಜ್ಞಾ, ಪ್ರತಿಜ್ಞಾ, ಭ್ರಾತಾ, ಅಪಮಾನ್. ಇದು ಅವರ ಕಿವಿಗೆ ಹೊಸದು. ಇನ್ನೊಂದು ಕಡೆ ಆಯಿ. ಅಕ್ಷರ ಬಾರದವಳು. ಆದರೆ ಮಠದ ಪುರಾಣ ಒಂದೂ ಬಿಟ್ಟವಳಲ್ಲ. ಹಳ್ಳಿಯಲ್ಲಿ ಜೈಮಿನಿ ಭಾರತ ಓದಿಸುವಾಗ ಮುಂದಿನ ಸಾಲಿನಲ್ಲಿ ಕೂತವಳು. ದೊಡ್ಡಾಟ, ಪಾರಿಜಾತ, ಕಂಪನಿ ನಾಟಕ ಎಲ್ಲ ನೋಡಿದವಳು. ನಮ್ಮೂರಿನ ರಂಗಮಂದಿರಕ್ಕೆ ಯಾರ ಹೆಸರಿದೆ? ಕಂದಗಲ್ಲ ಹನುಮಂತರಾಯರದು. ಅವರ ‘ರಕ್ತರಾತ್ರಿ’ ಆಯಿಗೆ ಅರ್ಧಕ್ಕರ್ಧ ಬಾಯಿಪಾಠ. ಹೀಗಾಗಿ ಆಜ್ಞೆ, ಪ್ರತಿಜ್ಞೆ, ಅಪಮಾನ ಎಲ್ಲ ಅವಳ ಮಡಿಲಲ್ಲೇ ಇದ್ದ ಮಾತು. ಅವಳಿಗೆ ತಿಳಿಯದ್ದು ನಡುವಿನ ಸಣ್ಣ ಮಾತು. ಕ್ಯೋಂ, ಕಬ್, ಥಾ, ಹೋಗಾ, ನಹೀಂ. ಅವೆಲ್ಲ ಚಾಚಾ ಹತ್ತಿರ ಇದ್ದವು.

ಎರಡನೇ ವಾರವೋ ಮೂರನೇ ವಾರವೋ ಇವರಿಬ್ಬರಿಗೂ ಇದು ತಾನಾಗೇ ಹೊಳೆಯಿತು.

"ಆಯಿ, ಪ್ರತಿಜ್ಞಾ ಅಂದ್ರ ಏನು?"

"ಆಣಿ ಮಾಡೂದು, ತಮ್ಮಾ."

"ಹಾಂ, ಕಸಮ್! ಹಂಗಾರ ಅಂವ ಕಸಮ್ ತಗೊಂಡ. ಜಿಂದಗಿ ತುಂಬ ಲಗ್ನ ಆಗಂಗಿಲ್ಲ ಅಂತಾನ."

"ಭೀಷ್ಮ ಅಲ್ಲೇನು ಅಂವ? ಮತ್ತ ಹಂಗ ಹೇಳಬಾರದಾ?"

ಆಯಿ ನಾಮಪದ ಕೊಟ್ಟಳು, ಚಾಚಾ ಕ್ರಿಯಾಪದ ಕೊಟ್ಟರು. ಇಬ್ಬರ ಮಾತು ಸೇರಿ ಒಂದು ವಾಕ್ಯವಾಗುತ್ತಿತ್ತು. ಅದು ಪೂರ್ತಿಯಾಗುವ ಹೊತ್ತಿಗೆ ಟೀವಿಯಲ್ಲಿ ಮೂರು ವಾಕ್ಯ ದಾಟಿ ಹೋಗಿರುತ್ತಿದ್ದವು. ನಮಗೆ ತೆರೆಯ ಮೇಲೆ ಕಾಣುತ್ತಿದ್ದುದು ಈಗಿನ ಮುಖ, ಕಿವಿಗೆ ಬೀಳುತ್ತಿದ್ದುದು ಆಗಿನ ಮಾತು. ನನ್ನ ನೆನಪಿನ ಮಹಾಭಾರತದಲ್ಲಿ ಇವತ್ತಿಗೂ ತುಟಿ ಒಂದು, ದನಿ ಒಂದು.

ತಪ್ಪುಗಳೂ ಆಗುತ್ತಿದ್ದವು. ಒಂದನ್ನು ಹೇಳಲೇಬೇಕು. ದ್ರೋಣರು ರಾಜಕುಮಾರರಿಗೆ ವಿದ್ಯೆ ಕಲಿಸುವ ಕಂತುಗಳು. ಮಾತುಮಾತಿಗೆ ‘ಶಿಕ್ಷಾ’ ಅಂತ ಬರುತ್ತಿತ್ತು. ಕನ್ನಡದಲ್ಲಿ ಶಿಕ್ಷೆ ಅಂದರೇನು? ಏಟು. ಆಯಿ ಬತ್ತಿ ಹೊಸೆಯುವುದು ಬಿಟ್ಟು ಎದ್ದು ಕೂತಳು. "ಯಾಕ? ಏನ್ ತಪ್ಪು ಮಾಡ್ಯಾನ ಅರ್ಜುನ? ಹೂವಿನಂಥ ಹುಡುಗಗ ಶಿಕ್ಷಾ ಯಾಕ?" ಚಾಚಾ ಎಷ್ಟು ಹೇಳಿದರೂ ಕೇಳಲಿಲ್ಲ. "ಶಿಕ್ಷಾ ಅಂದ್ರ ಕಲಿಸೂದು ಆಯಿ, ತಾಲೀಮು." "ಕಲಿಸೂದು ಬ್ಯಾರೆ, ಶಿಕ್ಷಾ ಬ್ಯಾರೆ. ನಾ ಏನು ಸಣ್ಣಾಕಿ ಅಲ್ಲ." ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದರು. ದ್ರೋಣರು ಹೊಡೆದು ಹೊಡೆದು ಕಲಿಸಿದರು. ನಮ್ಮ ಓಣಿಯ ಮಕ್ಕಳಿಗೆಲ್ಲ ಬಹಳ ದಿನ ದ್ರೋಣರು ಅಂದರೆ ಸಿಟ್ಟಿನ ಮಾಸ್ತರು.

‘ಸಂಸಾರ’ವೂ ಹಾಗೇ. ಹಿಂದಿಯಲ್ಲಿ ಅದು ಜಗತ್ತು. ಕೃಷ್ಣ ಸಾರಾ ಸಂಸಾರ್ ಅಂದರೆ ಆಯಿಗೆ ಕಾಣುತ್ತಿದ್ದುದು ಹೆಂಡತಿ ಮಕ್ಕಳು. ಇದನ್ನು ಮಾತ್ರ ಯಾರೂ ತಿದ್ದಲಿಲ್ಲ. ಅವಳ ಅರ್ಥದಲ್ಲೂ ಮಾತು ಸರಿಯಾಗೇ ಕೂಡುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ಮಹಾಭಾರತದ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಉರ್ದು, ಹಿಂದಿ ಎರಡರಲ್ಲೂ ಬರೆದ ದೊಡ್ಡ ಲೇಖಕ. ‘ಪಿತಾಶ್ರೀ’, ‘ಮಾತಾಶ್ರೀ’ ಅನ್ನುವ ಮಾತು ಆಗ ಮನೆಮನೆಯಲ್ಲೂ ಆಡುವಂತಾಯಿತಲ್ಲ, ಅದು ಅವರ ಕೊಡುಗೆ. ಅಬ್ಬಾಜಾನ್, ಅಮ್ಮೀಜಾನ್ ಅನ್ನುವುದರ ಹದದಲ್ಲೇ ಅವರು ಅದನ್ನು ಕಟ್ಟಿದರು ಅಂತ ಹೇಳುತ್ತಾರೆ. ಇದನ್ನು ನಾನು ಓದಿದ್ದು ಕಾಲೇಜಿಗೆ ಬಂದ ಮೇಲೆ. ಓದಿದ ಕೂಡಲೇ ನೆನಪಾದದ್ದು ನಮ್ಮ ಪಡಸಾಲೆ. ಭೀಷ್ಮ ಮೊದಲ ಸಲ ಪಿತಾಶ್ರೀ ಅಂದಾಗ ಚಾಚಾ ಯಾರೂ ಕೇಳುವ ಮೊದಲೇ ಬೆರಳೆತ್ತಿ ಹೇಳಿದ್ದರು: "ಅಬ್ಬಾಜಾನ್ ಅನ್ನಾಕತ್ತಾನ." ಬರೆದವರು ಮುಂಬಯಿಯಲ್ಲಿ ಕೂತು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದ ಮಾತನ್ನು ನಮ್ಮ ಟೇಲರ್ ಚಾಚಾ ವಾಪಸು ದಾಟಿಸಿದ್ದರು. ಅದು ನೆನಪಾದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೇರೆ ಧಾರಾವಾಹಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬುಧವಾರದ ಸಿನಿಮಾ ಹಾಡುಗಳ ಚಿತ್ರಹಾರಕ್ಕೆ ಚಾಚಾ ಒಬ್ಬರೇ ಸಾಕಿತ್ತು. ಆಯಿ ಅದನ್ನು ನೋಡುತ್ತಲೇ ಇರಲಿಲ್ಲ. ಹಿಂದಿ ವಾರ್ತೆ ಅಪ್ಪನ ಪಾಲು. ಮಾಲ್ಗುಡಿ ಡೇಸ್ ಮಾತ್ರ ಬೇರೆ. ಅದು ಆಯಿಯ ಮನಸ್ಸಿಗೆ ಗೊಂದಲ ತಂದಿತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡರು. ಹಂಚಿನ ಮನೆ, ಅಂಗಳ, ಮಳೆ ಎಲ್ಲ ನಮ್ಮ ರಾಜ್ಯದ್ದೇ. ಬಾಯಿ ತೆರೆದರೆ ಹಿಂದಿ. "ಮಾರಿ ನೋಡಿದ್ರ ನಮ್ಮವರ ಹಂಗ ಕಾಣ್ತಾರ. ಮಾತು ಯಾಕ ಹಿಂಗ?" ಅಂತ ಆಯಿ ಕೇಳಿದ್ದಳು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರ ಆನಗೋಡಿನಲ್ಲಿ. ಅವರು ಹೊರಟಿದ್ದುದು ನಮ್ಮ ಲೋಕಾಪುರಕ್ಕೆ, ಒಂದು ಚಿತ್ರೀಕರಣಕ್ಕೆ. ಆ ಸುದ್ದಿ ಬಂದ ದಿನ ಲೋಕಾಪುರ ಅನ್ನುವ ಹೆಸರು ಕೇಳಿ ಅಪ್ಪ ಎದ್ದು ಹೊರಗೆ ಹೋದರು. ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು.

ಆ ದಿನಗಳಲ್ಲಿ ದಿಲ್ಲಿಯ ಟೀವಿ ನಮ್ಮ ಮಾತು ಆಡಿದ್ದು ಒಂದೇ ಒಂದು ಕಡೆ ನನಗೆ ಗಟ್ಟಿಯಾಗಿ ನೆನಪಿದೆ. ‘ಮಿಲೇ ಸುರ್ ಮೇರಾ ತುಮ್ಹಾರಾ’ ಅನ್ನುವ ಹಾಡು. 1988ರ ಆಗಸ್ಟ್ 15ರಂದು ಬಂತು. ಶುರುವಿನಲ್ಲೇ ಗದುಗಿನ ಕಡೆಯ ಭೀಮಸೇನ ಜೋಶಿಯವರು. ಆಮೇಲೆ ಒಂದೊಂದೇ ಭಾಷೆ. ನಡುವೆ ಕೆಲವೇ ಸೆಕೆಂಡು ಕನ್ನಡ. ಅಡುಗೆ ಮನೆಯಿಂದ ಅವ್ವ ಓಡಿ ಬರುತ್ತಿದ್ದಳು. ಹಿಟ್ಟಿನ ಕೈ ಹಾಗೇ. ಕನ್ನಡ ಮುಗಿದ ಕೂಡಲೇ ವಾಪಸು. ಆ ಕೆಲವು ಸೆಕೆಂಡು ಆಯಿ ಚಾಚಾ ಕಡೆ ತಿರುಗಿ ನೋಡುತ್ತಿರಲಿಲ್ಲ.

ನೀವು ಕೇಳಬಹುದು, ಈ ಹಿಂದಿ ಧಾರಾವಾಹಿಗಳನ್ನು ಆಗಲೇ ಕನ್ನಡಕ್ಕೆ ಮಾಡಬಹುದಿತ್ತಲ್ಲ ಅಂತ. ಮಾಡುವಂತಿರಲಿಲ್ಲ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಒಂದು ಅಲಿಖಿತ ತಡೆ ಇತ್ತು. ಕನ್ನಡ ಚಿತ್ರರಂಗ ಉಳಿಯಬೇಕು ಅನ್ನುವ ಕಾಳಜಿಯಿಂದ ಬಂದ ತಡೆ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಅದು ಸಡಿಲವಾಯಿತು. ಅದು ಸರಿಯೋ ತಪ್ಪೋ ಅಂತ ಇಲ್ಲಿ ವಾದ ಮಾಡಲಾರೆ. ಎರಡೂ ಕಡೆ ಹೇಳುವುದಕ್ಕೆ ಬೇಕಾದಷ್ಟಿದೆ. ನನಗೆ ಕಾಣುವುದು ಇಷ್ಟು. ಆ ತಡೆ ಇದ್ದದ್ದರಿಂದ ಸ್ಟುಡಿಯೋದಲ್ಲಿ ಆಗದ ಕೆಲಸ ನಮ್ಮ ಪಡಸಾಲೆಯಲ್ಲಿ ಆಯಿತು. ಬೆಳಗಾವಿಯ ಸೋದರತ್ತೆಯ ಮನೆಯಲ್ಲೂ ಹೀಗೇ. ಅಲ್ಲಿ ಪಕ್ಕದ ಮನೆಯ ಮರಾಠಿ ಮಾವಶಿ ಹಿಂದಿಯನ್ನು ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳುತ್ತಿದ್ದರು. ಉತ್ತರ ಕರ್ನಾಟಕದ ಎಷ್ಟು ಪಡಸಾಲೆಗಳಲ್ಲಿ ಎಷ್ಟು ಬಗೆಯ ಮಹಾಭಾರತ ನಡೆದಿರಬೇಕು, ಯೋಚಿಸಿ ನೋಡಿ.

ಕನ್ನಡ ಧಾರಾವಾಹಿಗಳ ಕಾಲವೂ ಬಂತು. 1994ರಲ್ಲಿ ಉದಯ, 2000ದ ಕೊನೆಯಲ್ಲಿ ಈಟೀವಿ. ಅದಕ್ಕೂ ಮೊದಲು ದೂರದರ್ಶನದಲ್ಲೇ ಗುಡ್ಡದ ಭೂತ, ಆಮೇಲೆ ಟಿ.ಎನ್. ಸೀತಾರಾಮ್ ಅವರ ಮಾಯಾಮೃಗ. ಮಾಯಾಮೃಗ ನನಗೆ ಇವತ್ತಿಗೂ ಇಷ್ಟ. ಅಷ್ಟು ಹೊತ್ತಿಗೆ ಆಯಿಗೆ ವಯಸ್ಸಾಗಿತ್ತು, ಕಿವಿ ಮಂದ. ಕನ್ನಡ ಧಾರಾವಾಹಿ ನೋಡುವಾಗಲೂ ಕೇಳುತ್ತಿದ್ದಳು. "ಏನಂದ್ಲು ಅಕಿ?" ಬೆಂಗಳೂರು ಮೈಸೂರಿನ ಕನ್ನಡ ಅವಳಿಗೆ ಬೇಗ ಹಿಡಿಯುತ್ತಿರಲಿಲ್ಲ. ಆಗ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಿಂದ ಕನ್ನಡಕ್ಕೆ. ‘ಹೋಗ್ತಾ ಇದೀನಿ’ ಅಂದರೆ ‘ಹೊಂಟೀನಿ’ ಅಂತ. ಟೀವಿಯಲ್ಲಿ ನಮ್ಮ ಕಡೆಯ ಮಾತು ಬಂದರೆ ಅದು ಹೆಚ್ಚಾಗಿ ನಗಿಸುವುದಕ್ಕೆ ಬರುತ್ತಿತ್ತು. ಅದರ ನೋವು ನನಗೆ ಈಗಲೂ ಇದೆ. ನಮ್ಮ ಮಾತಿನಲ್ಲಿ ಭೀಷ್ಮನೂ ಆಣೆ ಮಾಡಬಲ್ಲ. ನಾನು ಕಿವಿಯಾರೆ ಕೇಳಿದ್ದೇನೆ.

2020ಕ್ಕೆ ಬರುತ್ತೇನೆ. ಲಾಕ್‌ಡೌನ್. ಮಾರ್ಚ್ 28ರಿಂದ ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತು, ಮಹಾಭಾರತವನ್ನೂ ಹಾಕಿತು. ದೂರದರ್ಶನ ಹೇಳಿಕೊಂಡ ಪ್ರಕಾರ ಏಪ್ರಿಲ್ 16ರಂದು ರಾಮಾಯಣ ನೋಡಿದವರು 7.7 ಕೋಟಿ ಜನ. ಅವರಲ್ಲಿ ನಾನೂ ಒಬ್ಬ. ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಹಾಭಾರತವನ್ನೂ ಹಾಕಿದೆ. ಮೂವತ್ತು ವರ್ಷದಿಂದ ಕಾದ ಗಳಿಗೆ. ಬಣ್ಣದಲ್ಲಿ ನೋಡಿದ್ದು ಅದೇ ಮೊದಲು. ಎಲ್ಲ ಮಾತೂ ಅರ್ಥವಾಗುತ್ತಿತ್ತು. ಆದರೆ ಎಲ್ಲ ಬೇಗ ಬೇಗ ಮುಗಿಯುತ್ತಿತ್ತು. ಭೀಷ್ಮ ಪ್ರತಿಜ್ಞೆ ಮಾಡಿದ, ಮುಗಿಯಿತು. ಯಾರೂ ಆಣೆ ಅನ್ನಲಿಲ್ಲ, ಯಾರೂ ಕಸಮ್ ಅನ್ನಲಿಲ್ಲ. ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಕೇಳಿಬಿಟ್ಟೆ. "ಏನಂದ ಅಂವ?" ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ನಿನಗ ಹಿಂದಿ ಬರ್ತೈತಲ್ಲ?"

ಅದೇ ವರ್ಷ ಮಾಲ್ಗುಡಿ ಡೇಸ್ ಕನ್ನಡಕ್ಕೆ ಡಬ್ ಆಗಿ ಬಂತು. ಸ್ವಾಮಿ ಕನ್ನಡ ಮಾತಾಡಿದ. ಆಯಿ ಕೇಳಿದ್ದ ಪ್ರಶ್ನೆಗೆ ಉತ್ತರ ಬಂದಂತಾಯಿತು. ಕೇಳಿದವಳು ಇರಲಿಲ್ಲ.

ಆಮೇಲೆ ನಾನು ಹುಡುಕಲು ಶುರು ಮಾಡಿದೆ. ಧಾರಾವಾಹಿಗಳನ್ನಲ್ಲ. ಅವು ಈಗ ಮೊಬೈಲಿನಲ್ಲೇ ಸಿಗುತ್ತವೆ. ನಾನು ಹುಡುಕಿದ್ದು ಆ ದನಿಗಳನ್ನು. ಗೆಳೆಯರಿಗೆಲ್ಲ ಫೋನ್ ಮಾಡಿ ಕೇಳಿದೆ, ನಿಮ್ಮ ಮನೆಯಲ್ಲಿ ಯಾರು ಹೇಳುತ್ತಿದ್ದರು ಅಂತ. ಎಲ್ಲರ ಹತ್ತಿರವೂ ಒಬ್ಬರಿದ್ದರು. ಮಿಲಿಟರಿಯಿಂದ ಬಂದ ಮಾವ, ಸೋಲಾಪುರದಿಂದ ಬಂದ ಸೊಸೆ, ಹಿಂದಿ ಪರೀಕ್ಷೆ ಕಟ್ಟಿದ್ದ ಅಕ್ಕ. ಹಳೆ ಬಾಗಲಕೋಟೆಯ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮ ಟೀವಿ ಇಟ್ಟಿದ್ದ ಗೂಡು ಈಗ ನೀರಾಗ ಐತಿ." ಆಲಮಟ್ಟಿಯ ಹಿನ್ನೀರು. ಮನೆ ಖಾಲಿ ಮಾಡಿ ನವನಗರಕ್ಕೆ ಹೋಗುವಾಗ ಬಂಡಿಗೆ ಮೊದಲು ಏರಿಸಿದ್ದು ಟೀವಿಯನ್ನಂತೆ. ಅದರ ಮುಂದೆ ಕೂತು ಅರ್ಥ ಹೇಳುತ್ತಿದ್ದ ಅವನ ಅಜ್ಜ ಹೊಸ ಮನೆಯಲ್ಲಿ ಟೀವಿ ನೋಡಲೇ ಇಲ್ಲವಂತೆ.

ಈಗ ಕ್ಯಾಸೆಟ್ಟಿಗೆ ಬರುತ್ತೇನೆ. 1989ರಲ್ಲಿ ಕಾಕಾ ಸೋಲಾಪುರದಿಂದ ಒಂದು ಟೂ-ಇನ್-ಒನ್ ತಂದಿದ್ದ, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವಂಥದ್ದು. ಮಹಾಭಾರತದ ಹಾಡು ಹಿಡಿಯಬೇಕು ಅಂತ ಅವನ ಆಸೆ. ಒಂದು ರವಿವಾರ ಅದನ್ನು ಟೀವಿಯ ಮುಂದೆ ಇಟ್ಟು ಬಟನ್ ಒತ್ತಿದ. ಯಾರೂ ಮಾತಾಡಬಾರದು ಅಂತ ಎಲ್ಲರಿಗೂ ತಾಕೀತು ಮಾಡಿದ. ಯಾರು ಕೇಳುತ್ತಾರೆ? ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ಅರ್ಧ ಗಂಟೆ. ಹಾಡು ಹಾಳಾಯಿತು ಅಂತ ಕಾಕಾ ಅದನ್ನು ಮೂಲೆಗೆ ಎಸೆದಿದ್ದ. ನನಗದು ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಆಯಿಯ ಇಲಕಲ್ ಸೀರೆಯ ಕೆಳಗೆ. ಬಹುಶಃ ಅವಳೇ ಎತ್ತಿಟ್ಟಿರಬೇಕು.

ಅದನ್ನು ಕಂಪ್ಯೂಟರಿಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟೆ. ಅವರ ಯಂತ್ರದಲ್ಲಿ ಟೇಪು ಸಿಕ್ಕಿಕೊಂಡು, ಎಳೆದು, ಸುಕ್ಕಾಗಿ, ತುಂಡಾಗಿ ಬಂತು. ಕ್ಯಾಸೆಟ್ಟಿನ ಎರಡೂ ಬದಿಯ ದನಿ ಒಂದೇ ಟೇಪಿನ ಮೇಲೆ ಇರುತ್ತದೆ. ಹೀಗಾಗಿ ಎರಡೂ ಕಡೆ ಹೋಯಿತು. ಆ ದಿನ ನಾನು ಊಟ ಮಾಡಲಿಲ್ಲ. ಉಳಿದ ತುಂಡನ್ನು ಮನೆಯಲ್ಲಿ ಕೂತು, ಪೆನ್ಸಿಲ್ಲಿನಿಂದ ಸುತ್ತಿ, ಅಂಟುಪಟ್ಟಿ ಹಚ್ಚಿ ಜೋಡಿಸಿದೆ. ಮೊದಲ ಬದಿಯ ಕೊನೆಯ ಹನ್ನೊಂದು ನಿಮಿಷ ಉಳಿದಿದೆ. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಯಾರ ಕೈಗೂ ಕೊಡುವ ಮೊದಲು, ದನಿ ಸಣ್ಣದಾದರೂ ಪರವಾಗಿಲ್ಲ, ಒಂದು ಸಲ ಮೊಬೈಲ್ ಪಕ್ಕದಲ್ಲಿಟ್ಟು ಹಿಡಿದುಕೊಳ್ಳಿ. ದಯವಿಟ್ಟು.

ಈಗ ಫ್ಯಾನ್ ಬಂದ್ ಮಾಡಿ.

(ಇಲ್ಲಿಂದ ಮುಂದೆ ಸಭೆ ಕ್ಯಾಸೆಟ್ ಕೇಳಿತು. ಓದುವವರಿಗಾಗಿ ಅದರಲ್ಲಿ ಏನಿದೆ ಅಂತ ಬರೆಯುತ್ತಿದ್ದೇನೆ.)

ಮೊದಲು ಸರಸರ ಸಪ್ಪಳ. ಅದರ ಹಿಂದೆ ಟೀವಿಯ ದನಿ, ದೂರದಲ್ಲಿ ಯಾರೋ ಬಾವಿಯಲ್ಲಿ ಮಾತಾಡಿದಂತೆ. ಪಗಡೆಯಾಟದ ಕಂತು. ಓಣಿಯಲ್ಲಿ ಟಾಂಗಾ ಹೋಗುವ ಸದ್ದು, ಕುದುರೆಯ ಗೆಜ್ಜೆ. ಚಾಚಾ ಕೆಮ್ಮುತ್ತಾರೆ. "ಏನಂದ ಅಂವ?" ಅದು ಆಯಿ. ಸಭೆಯಲ್ಲಿ ಯಾರೋ ಉಸಿರೆಳೆದದ್ದು ನನಗೆ ಕೇಳಿಸಿತು. "ಧರ್ಮರಾಜಗ ಆಡು ಅನ್ನಾಕತ್ತಾನ." "ಆಡಬ್ಯಾಡ ಅಂತ ಹೇಳಲೇ ಅವಗ!" ಕಾಕಾ ಶ್ ಅನ್ನುತ್ತಾನೆ. ಕುಕ್ಕರಿನ ಸೀಟಿ. ಒಂದು ನಿಮಿಷದ ಹೊತ್ತು ಹೊರಗೆ ಮಳೆ ಹಿಡಿದ ಸದ್ದು ಮಾತ್ರ.

ಆಮೇಲೆ ಒಮ್ಮೆಲೇ ಟೀವಿಯ ದನಿ ನಿಲ್ಲುತ್ತದೆ. ಹತ್ತು ಹನ್ನೆರಡು ಜನ ಒಟ್ಟಿಗೆ "ಹೋತು!" ಅನ್ನುತ್ತಾರೆ. ಕರೆಂಟ್ ಹೋಗಿತ್ತು. ಟೂ-ಇನ್-ಒನ್ನಿಗೆ ಕಾಕಾ ಸೆಲ್ ಹಾಕಿದ್ದ, ಅದು ತಿರುಗುತ್ತಲೇ ಇತ್ತು. ಯಾರೂ ಏಳುವುದಿಲ್ಲ. ಒಂದು ಹುಡುಗನ ದನಿ. ಅದು ನಾನು, ಹತ್ತು ವರ್ಷದವನು. "ಆಯಿ, ಮುಂದೇನಾತು?"

"ಅದರಾಗ ತೋರಸಂಗಿಲ್ಲ ಬಿಡು, ನಾ ಹೇಳ್ತೀನಿ" ಅನ್ನುತ್ತಾಳೆ ಆಯಿ. ದನಿ ಏರುತ್ತದೆ, ನಾಟಕದವರ ಹಾಗೆ. ಶಕುನಿಯ ಅಪ್ಪನನ್ನೂ ಅಣ್ಣತಮ್ಮಂದಿರನ್ನೂ ಸೆರೆಯಲ್ಲಿಟ್ಟದ್ದು, ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದೇ ಅಗುಳು ಅನ್ನ ಕೊಟ್ಟದ್ದು, ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಕೊಟ್ಟು ಸತ್ತದ್ದು. ಚಾಚಾ "ಯಾ ಅಲ್ಲಾ" ಅನ್ನುತ್ತಾರೆ. ಅವ್ವ ಮೂಗೊರೆಸಿಕೊಳ್ಳುತ್ತಾಳೆ.

"ಸಾಯೂಮುಂದ ಅಪ್ಪ ಮಗನ್ನ ಹತ್ರ ಕರದ. ನಾ ಸತ್ತ ಮ್ಯಾಲ ನನ್ನ ಎಲುಬು ಸುಡಬ್ಯಾಡ ಅಂದ. ಮಗಾ ಕೇಳ್ಕೋ ಅಂದ. ಆ ಎಲುಬು ತಗೊಂಡು ಶಕುನಿ…"

ಟಕ್. ಅಲ್ಲಿಗೆ ಬದಿ ಮುಗಿಯಿತು.

ಯಾರೂ ಫ್ಯಾನ್ ಹಾಕಲಿಲ್ಲ. ಹಿಂದಿನ ಸಾಲಿನಲ್ಲಿ ಟೋಪಿ ಹಾಕಿಕೊಂಡಿದ್ದ ಹಿರಿಯರೊಬ್ಬರು, ಕೂತಲ್ಲಿಂದಲೇ, ಮೆಲ್ಲಗೆ ಅಂದರು:

"ದಾಳಾ ಮಾಡಿಸಿದ."